ಪೂಜೆಗೆ ಕಾದ ಬೀಗ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಹಿಟ್ಟಿನ ಗಿರಣಿಯ ಪರ್ವತಯ್ಯನವರು. ರಾಗಿ ಬೀಸಿಸಲು ಹೋದವರು ಸರದಿ ಬರುವವರೆಗೆ ಅವರ ಎದುರಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆವು. ಅವರ ಮಗ್ಗುಲಲ್ಲಿ ಯಾವಾಗಲೂ ಒಂದು ಹಿತ್ತಾಳೆ ಚೊಂಬಿನಲ್ಲಿ ನೀರು ಇರುತ್ತಿತ್ತು. ಹಿಟ್ಟಿನ ಧೂಳಿಗೆ ಗಂಟಲು ಒಣಗುತ್ತದೆ, ಅದಕ್ಕೆ ಇಟ್ಟುಕೊಂಡಿದ್ದಾರೆ ಎಂದು ನಾನು ತಿಳಿದಿದ್ದೆ. ಒಂದು ದಿನ ಕರೆಂಟು ಹೋಗಿ ಗಿರಣಿ ನಿಂತಿತು. ಆಗ ಅವರು ಈ ಕತೆ ಹೇಳಿದರು. ಇದರಲ್ಲಿ ಪ್ರಶ್ನೆ ಕೇಳುವ ಶಿಷ್ಯ ತಾವೇ ಎಂಬುದನ್ನು ಅವರು ಮುಚ್ಚಿಡಲಿಲ್ಲ. ನನಗೆ ನೆನಪಿರುವ ಮಟ್ಟಿಗೆ ಅವರು ಹೇಳಿದಂತೆಯೇ ಬರೆಯುತ್ತಿದ್ದೇನೆ.

"ಬುದ್ಧಿ, ನೇಮವನ್ನು ಕಾರ್ತಿಕ ಸೋಮವಾರದಿಂದ ಹಿಡಿಯಲೋ, ಶಿವರಾತ್ರಿಯಿಂದ ಹಿಡಿಯಲೋ?"

ಪರ್ವತಯ್ಯ ಹೀಗೆ ಕೇಳಿದ್ದು ಕೆರೆ ಏರಿಯ ಕೆಳಗಿನ ಸಣ್ಣ ಮಠದಲ್ಲಿ, ಗುರುಗಳ ಮುಂದೆ ಕುಳಿತು. ಆಗ ಅವರಿಗೆ ಮೂವತ್ತೈದರ ಪ್ರಾಯ. ಮೈಯಲ್ಲಿ ಶಕ್ತಿ ಇತ್ತು, ಕೈಯಲ್ಲಿ ಕೆಲಸ ಇತ್ತು, ಮೂಗಿನ ತುದಿಯಲ್ಲಿ ಕೋಪ ಇತ್ತು. ಗಿರಣಿಗೆ ಬಂದವರ ಮೇಲೆ ಕೂಗಾಡಿದರೆ ಬಂದವರು ತಿರುಗಿ ಕೂಗಾಡುತ್ತಿದ್ದರು, ಅಲ್ಲಿಗೆ ಅದು ಮುಗಿಯುತ್ತಿತ್ತು. ಮನೆಯಲ್ಲಿ ಹಾಗೆ ಮುಗಿಯುತ್ತಿರಲಿಲ್ಲ. ಅವರಿಗೆ ಒಬ್ಬಳೇ ಮಗಳು, ದಾಕ್ಷಾಯಿಣಿ, ಹತ್ತು ವರ್ಷದವಳು. ಅಪ್ಪನ ಚಪ್ಪಲಿಯ ಸದ್ದು ಬಾಗಿಲಲ್ಲಿ ಕೇಳಿದರೆ ಅವಳು ಉಣ್ಣುತ್ತಿದ್ದ ತಟ್ಟೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಇದನ್ನು ನೋಡಿಯೇ ಅವರು ಗುರುಗಳ ಹತ್ತಿರ ಬಂದಿದ್ದರು.

ಗುರುಗಳು ನಾಲ್ಕು ತಿಂಗಳ ಹಿಂದೆಯೇ ಅವರಿಗೆ ಒಂದು ನೇಮ ಹೇಳಿಕೊಟ್ಟಿದ್ದರು. ಕೋಪ ಬಂದ ಕೂಡಲೇ ಬಾಯಿಗೆ ಒಂದು ಗುಟುಕು ನೀರು ಹಾಕಿಕೊಳ್ಳಬೇಕು. ಮನಸ್ಸಿನಲ್ಲೇ ಐದು ಸಲ ಶಿವನನ್ನು ನೆನೆಯಬೇಕು. ಆಮೇಲೆ ನೀರನ್ನು ನುಂಗಿ, ಮಾತಾಡುವುದಿದ್ದರೆ ಮಾತಾಡಬೇಕು. ನೇಮ ಅಷ್ಟೇ.

ಪರ್ವತಯ್ಯ ಅದನ್ನು ಭಕ್ತಿಯಿಂದ ಕೇಳಿಕೊಂಡು ಹೋಗಿದ್ದರು. ಆದರೆ ಆಗ ಆಷಾಢ. ಆಷಾಢದಲ್ಲಿ ಯಾರೂ ಒಳ್ಳೆಯ ಕೆಲಸ ಶುರುಮಾಡುವುದಿಲ್ಲ. ಶ್ರಾವಣದಲ್ಲಿ ಹಬ್ಬಗಳ ಸಾಲು, ಗಿರಣಿಯ ಮುಂದೆ ಚೀಲಗಳ ಸಾಲು. ಭಾದ್ರಪದದಲ್ಲಿ ಪಿತೃಪಕ್ಷ. ಆಶ್ವಯುಜದಲ್ಲಿ ಗಿರಣಿಯ ಬೆಲ್ಟು ಹರಿದು ಮನಸ್ಸು ಸರಿ ಇರಲಿಲ್ಲ. ಹೀಗೆ ದಿನ ಹೋಯಿತು. ಒಳ್ಳೆಯ ನೇಮವನ್ನು ಒಳ್ಳೆಯ ದಿನವೇ ಹಿಡಿಯಬೇಕೆಂದು ಅವರಿಗೆ ದೃಢವಾಗಿತ್ತು. ಆ ದಿನ ಯಾವುದೆಂದು ಗುರುಗಳ ಬಾಯಿಂದಲೇ ಕೇಳಿ ಹೋಗೋಣ ಎಂದು ಬಂದಿದ್ದರು.

ಗುರುಗಳು ಪಂಚಾಂಗ ತರಿಸಲಿಲ್ಲ. "ಹೊರಗೆ ನಿಲ್ಲಿಸಿರೋ ಸೈಕಲ್ಲಿಗೆ ಬೀಗ ಹಾಕಿದ್ದೀಯೇನಪ್ಪ?" ಎಂದು ಕೇಳಿದರು.

"ಮಠದ ಮುಂದೆ ಬೀಗ ಯಾಕೆ ಬುದ್ಧಿ?"

"ಹೋಗಿ ಹಾಕಿ ಬಾ. ಆಮೇಲೆ ಹೇಳ್ತೀನಿ."

ಪರ್ವತಯ್ಯ ಹೋಗಿ ಬೀಗ ಹಾಕಿ ಬಂದು ಕುಳಿತರು. ಗುರುಗಳು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಸಾಣೆಯವನಿದ್ದ. ಊರೂರು ತಿರುಗಿ ಕತ್ತಿ, ಕುಡುಗೋಲು, ಈಳಿಗೆಮಣೆಗಳಿಗೆ ಸಾಣೆ ಹಿಡಿಯುವುದು ಅವನ ಕಸುಬು. ಅವನ ಸಾಣೆಕಲ್ಲು ಸೈಕಲ್ಲಿನ ಮೇಲೆಯೇ ಇತ್ತು. ಸ್ಟ್ಯಾಂಡು ಹಾಕಿ, ಸೀಟಿನ ಮೇಲೆ ಕುಳಿತು ತುಳಿದರೆ, ಚಕ್ರದಿಂದ ಕಲ್ಲಿಗೆ ಹೋದ ಪಟ್ಟಿ ಎಳೆದು ಕಲ್ಲು ತಿರುಗುತ್ತಿತ್ತು. ಆ ಸೈಕಲ್ ಅವನಿಗೆ ವಾಹನವೂ ಹೌದು, ಅಂಗಡಿಯೂ ಹೌದು. ಅದು ಹೋದರೆ ಅವನ ಮನೆಯಲ್ಲಿ ಒಲೆ ಉರಿಯುವುದು ಕಷ್ಟ.

ಅದಕ್ಕೆ ಒಂದು ಹಳೆಯ ಬೀಗವಿತ್ತು. ಸೇಫ್ಟಿ ಪಿನ್ನು ತೋರಿಸಿದರೂ ಬಾಯಿ ಬಿಡುವ ಬೀಗ. ಸುತ್ತಲಿನ ಊರುಗಳಲ್ಲಿ ಒಂದೇ ತಿಂಗಳಲ್ಲಿ ನಾಲ್ಕು ಸೈಕಲ್ ಕಳವಾದುವು. ಸಾಣೆಯವನಿಗೆ ಭಯ ಹತ್ತಿತು. ಪೇಟೆಗೆ ಹೋಗಿ ಒಳ್ಳೆಯ ಬೀಗ ತರುವುದೆಂದು ನಿಶ್ಚಯಿಸಿದ.

ಸೈಕಲ್ ಅಂಗಡಿಯಲ್ಲಿ ಒಬ್ಬ ಮುದುಕ ಕುಳಿತಿದ್ದ. ಅವನು ಮೊದಲು ಒಂದು ತಂತಿಯ ಬೀಗ ತೋರಿಸಿದ. ಸಾಣೆಯವನು ಅದನ್ನು ಬೆರಳಲ್ಲಿ ಬಗ್ಗಿಸಿ ನೋಡಿ, "ಇದು ಇಕ್ಕಳಕ್ಕೆ ಒಂದು ತುತ್ತು" ಎಂದು ಕೆಳಗಿಟ್ಟ. ಸರಪಳಿಯ ಬೀಗ ಬಂತು. ತನ್ನ ಅರ ತೆಗೆದು ಒಂದು ಕೊಂಡಿಯ ಮೇಲೆ ಉಜ್ಜಿದ. ಅರ ಕಚ್ಚಿತು. "ಇದೂ ಬೇಡ" ಎಂದ. ಕೊನೆಗೆ ಮುದುಕ ಒಳಗಿನಿಂದ ಕುದುರೆ ಲಾಳದ ಹಾಗೆ ಬಾಗಿದ, ಹೆಬ್ಬೆರಳು ದಪ್ಪದ ಸರಳಿನ ಒಂದು ಬೀಗ ತಂದ. ಅದರ ಮೇಲೆ ಅರ ಜಾರಿತು. ಸಾಣೆಯವನು ಅಷ್ಟಕ್ಕೇ ಬಿಡದೆ ಸರಳನ್ನು ತನ್ನ ಕಲ್ಲಿಗೆ ತಾಗಿಸಿ ಕಿಡಿ ನೋಡಿದ.

"ಏಯ್, ಕೊಳ್ಳೋ ಮುಂಚೆಯೇ ನನ್ನ ಬೀಗ ತಿಂದುಹಾಕ್ತೀಯೇನೋ!" ಎಂದು ಮುದುಕ ಕೂಗಿದ.

"ತಿನ್ನೋಕೆ ಆಗಲಿಲ್ಲ ಯಜಮಾನ್ರೆ, ಅದಕ್ಕೇ ಕೊಳ್ತೀನಿ" ಎಂದ ಸಾಣೆಯವನು.

ಮುದುಕನಿಗೆ ಈ ಗಿರಾಕಿ ಹಿಡಿಸಿದ. ಬೀಗ ಕೊಟ್ಟು ಸುಮ್ಮನಾಗದೆ ಅದನ್ನು ಹಾಕುವ ಬಗೆಯನ್ನೂ ಹೇಳಿದ. "ನೋಡಪ್ಪ, ಬರೀ ಮುಂದಿನ ಚಕ್ರಕ್ಕೆ ಹಾಕಿದರೆ ಕಳ್ಳ ಚಕ್ರ ಬಿಚ್ಚಿಟ್ಟು ಮಿಕ್ಕಿದ್ದು ಒಯ್ತಾನೆ. ಹಿಂದಿನ ಚಕ್ರ, ಫ್ರೇಮು, ನೆಲಕ್ಕೆ ಹೂತ ಕಂಬ, ಈ ಮೂರನ್ನೂ ಸೇರಿಸಿ ಒಂದೇ ಬೀಗದೊಳಗೆ ಹಾಕು. ಕಂಬ ಅಲ್ಲಾಡುತ್ತೋ ಇಲ್ಲವೋ ಮೊದಲು ಕೈ ಹಾಕಿ ನೋಡು. ಬೀಗ ನೆಲಕ್ಕೆ ತಾಗದ ಹಾಗೆ ಮೇಲಿರಲಿ. ನೆಲಕ್ಕೆ ತಾಗಿದರೆ ಸುತ್ತಿಗೆ ಏಟಿಗೆ ನೆಲವೇ ಕಮ್ಮಾರನ ಅಡಿಗಲ್ಲು ಆಗ್ತದೆ. ಬೀಗದ ಕಣ್ಣು ಕೆಳಗೆ ನೋಡ್ತಿರಲಿ, ಕಳ್ಳನ ಕೈಗೂ ಸಿಗೋದಿಲ್ಲ, ಮಳೆ ನೀರೂ ಇಳಿಯೋದಿಲ್ಲ. ಬೀಗದಕೈ ಎರಡಿವೆ. ಎರಡನ್ನೂ ಒಂದೇ ಕಡೆ ಇಡಬೇಡ."

ಇಷ್ಟು ಹೇಳಿ ಮುದುಕ ಅಂಗಡಿಯ ಮುಂದಿನ ಕಬ್ಬಿಣದ ಕಂಬವನ್ನು ತೋರಿಸಿದ. "ಎಲ್ಲಿ, ಒಂದು ಸಲ ಹಾಕಿ ತೋರಿಸು. ಕೈಗೆ ರೂಢಿ ಆಗಲಿ."

ಸಾಣೆಯವನು ಬೀಗವನ್ನು ಕಣ್ಣಿಗೊತ್ತಿಕೊಂಡು ಚೀಲದೊಳಗಿಟ್ಟ. "ಈಗಲ್ಲ ಯಜಮಾನ್ರೆ. ಪೂಜೆ ಆಗದ ಹೊಸ ಕಬ್ಬಿಣಕ್ಕೆ ನಮ್ಮ ಮನೇಲಿ ಕೆಲಸ ಹೇಳೋದಿಲ್ಲ. ಆಯುಧ ಪೂಜೆ ದಿನ ಅಮ್ಮನ ಮುಂದೆ ಇಟ್ಟು, ನಿಂಬೆಹಣ್ಣು ಕೊಯ್ದು, ಆಮೇಲೆ."

"ಆಯುಧ ಪೂಜೆಗೆ ಇನ್ನೂ ಒಂದೂವರೆ ತಿಂಗಳಿದೆಯಲ್ಲಯ್ಯ! ನಿಂಬೆಹಣ್ಣು ತಾನೇ? ಪಕ್ಕದ ಅಂಗಡಿಯಿಂದ ಈಗಲೇ ತರಿಸ್ತೀನಿ."

"ಹಬ್ಬದ ದಿನವೇ ಆಗಬೇಕು" ಎಂದ ಸಾಣೆಯವನು.

ಅವನ ಮಾತಿಗೆ ಕಾರಣವಿತ್ತು. ಅವನ ಅಪ್ಪ ಒಂದು ವರ್ಷ ಅವಸರಪಟ್ಟು, ಹೊಸ ಸಾಣೆಕಲ್ಲನ್ನು ಪೂಜೆಗೆ ಮೊದಲೇ ತಿರುಗಿಸಿದ್ದ. ಕಲ್ಲು ಸೀಳಿ ಅದರ ಚೂರು ಹಾರಿ ಒಂದು ಕಣ್ಣು ಹೋಗಿತ್ತು. ಅಂದಿನಿಂದ ಆ ಮನೆಯಲ್ಲಿ ಹೊಸ ಕಲ್ಲು, ಹೊಸ ಅರ, ಹೊಸ ಸುತ್ತಿಗೆ, ಯಾವುದೇ ಬರಲಿ, ಮೊದಲು ದೇವಿಯ ಮುಂದೆ ಹೋಗುತ್ತಿತ್ತು. ಬೀಗವೂ ಕಬ್ಬಿಣವೇ ತಾನೇ ಎಂದು ಸಾಣೆಯವನು ಲೆಕ್ಕ ಹಾಕಿದ.

ಮನೆಗೆ ಬಂದವನು ಬೀಗವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿದ. ಒಂದು ಬೀಗದಕೈಗೆ ಅರಿಸಿನದ ದಾರ ಕಟ್ಟಿ ಬೀಗದಲ್ಲೇ ಬಿಟ್ಟ. ಇನ್ನೊಂದನ್ನು ದೇವರ ಗೂಡಿನಲ್ಲಿಟ್ಟ. ಬಟ್ಟೆ ಸುತ್ತಿದ ಬೀಗವನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿದ. ಅದು ಯಾವ ಸೈಕಲ್ಲಿನ ಬೀಗವೋ ಆ ಸೈಕಲ್ಲಿನ ಮೇಲೆಯೇ ಇರಲಿ ಎಂಬುದು ಅವನ ಭಾವ. ಹೊಸದು ಬಂತಲ್ಲ ಎಂದು ಹಳೆಯ ಬೀಗವನ್ನು ಗುಜರಿಯವನಿಗೆ ಕೊಟ್ಟುಬಿಟ್ಟ.

ಅವನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. "ಅಲ್ಲಾ, ಹಬ್ಬದವರೆಗೂ ಸೈಕಲ್ ಕಾಯೋರು ಯಾರು?" ಎಂದು ಕೇಳಿದಳು.

"ಅಮ್ಮ ಕಾಯ್ತಾಳೆ."

"ಅಮ್ಮ ಕಾಯ್ತಾಳೆ ಸರಿ. ನಿಮಗೆ ಬೀಗ ಕೊಳ್ಳೋ ಬುದ್ಧಿ ಕೊಟ್ಟವಳೂ ಅವಳೇ ಅಲ್ಲವಾ? ಅದನ್ನ ಹಾಕೋ ಬುದ್ಧಿ ಮಾತ್ರ ನೀವು ಬೇಡ ಅಂದ್ರಾ?"

ಹೆಂಗಸರಿಗೆ ಕಸುಬಿನ ಮಡಿ ತಿಳಿಯುವುದಿಲ್ಲ ಎಂದುಕೊಂಡ ಸಾಣೆಯವನು.

ಒಂದು ತಿಂಗಳು ಏನೂ ಆಗಲಿಲ್ಲ. ಅದರಿಂದ ಅವನ ಧೈರ್ಯ ಇನ್ನಷ್ಟು ಬೆಳೆಯಿತು. ಹಬ್ಬಕ್ಕೆ ಹನ್ನೊಂದು ದಿನ ಇರುವಾಗ ಒಂದು ಹಳ್ಳಿಯಲ್ಲಿ ಬೋರ್‌ವೆಲ್ಲಿನ ಪಕ್ಕ ಸೈಕಲ್ ನಿಲ್ಲಿಸಿ ಕುಡುಗೋಲುಗಳಿಗೆ ಸಾಣೆ ಹಿಡಿದ. ಒಬ್ಬ ಮುದುಕಿಗೆ ನಡೆಯಲು ಆಗುತ್ತಿರಲಿಲ್ಲ. ಅವಳ ಕುಡುಗೋಲನ್ನು ಮನೆ ಬಾಗಿಲಿಗೆ ಕೊಟ್ಟು ಬರೋಣ ಎಂದು ಸಂದಿಯೊಳಗೆ ಹೋದ. ಹೋದದ್ದು ಇಪ್ಪತ್ತು ಹೆಜ್ಜೆ. ಮುದುಕಿ ಮಜ್ಜಿಗೆ ಕೊಟ್ಟಳು. ಕುಡಿದು, ಲೋಟ ಕೆಳಗಿಟ್ಟು, ಬಂದ.

ಬೋರ್‌ವೆಲ್ಲಿನ ಪಕ್ಕದಲ್ಲಿ ಸ್ಟ್ಯಾಂಡು ಊರಿದ ಎರಡು ಗುರುತು ಇದ್ದುವು. ಸೈಕಲ್ ಇರಲಿಲ್ಲ. ಒಂದೇ ಏಟಿಗೆ ಬೀಗವೂ ಹೋಗಿತ್ತು.

ಆಮೇಲಿನ ದಿನಗಳು ಕಷ್ಟದವು. ಸಾಣೆಯವನು ಬಾಡಿಗೆಗೆ ತಂದ ಒಂದು ಸಣ್ಣ ಕೈಸಾಣೆಯನ್ನು ಹೆಗಲ ಮೇಲೆ ಹೊತ್ತು ನಡೆದ. ದಿನಕ್ಕೆ ನಾಲ್ಕು ಹಳ್ಳಿ ಸುತ್ತುತ್ತಿದ್ದವನಿಗೆ ಒಂದು ಹಳ್ಳಿಯೂ ದೂರವಾಯಿತು. ಮಂಡಿ ಊದಿಕೊಂಡಿತು. ಹೆಂಡತಿ ಕಳೆ ಕೀಳಲು ಕೂಲಿಗೆ ಹೋಗತೊಡಗಿದಳು. ಆಯುಧ ಪೂಜೆ ಬಂತು. ದೇವಿಯ ಮುಂದೆ ಇಡಲು ಅವನ ಬಳಿ ತನ್ನದೆಂದು ಇದ್ದದ್ದು ಗೂಡಿನಲ್ಲಿಟ್ಟಿದ್ದ ಆ ಒಂದು ಬೀಗದಕೈ. ಅದನ್ನೇ ಇಟ್ಟು ಕುಂಕುಮ ಹಚ್ಚಿ ನಿಂಬೆಹಣ್ಣು ಕೊಯ್ದ. ಅಂದು ಹೆಂಡತಿ ಏನೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಪೂಜೆಯಾದ ಮೇಲೆ ಅವನು ಆ ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಎರಡು ತಿಂಗಳು ಕಳೆದುವು. ಕೆಲಸ ಹುಡುಕಿಕೊಂಡು ಅವನು ಬಹು ದೂರದ ಒಂದು ಸಂತೆಗೆ ಹೋದ. ಸಂತೆಯ ತಗಡಿನ ಚಪ್ಪರದ ಕಬ್ಬಿಣದ ಕಂಬಕ್ಕೆ ಒಂದು ಸೈಕಲ್ ಕಟ್ಟಿತ್ತು. ಸಾಣೆಕಲ್ಲು ಇರಬೇಕಾದ ಜಾಗದಲ್ಲಿ ಬಾಚಣಿಗೆ, ಟೇಪು, ಪಿನ್ನುಗಳ ಪೆಟ್ಟಿಗೆ ಇತ್ತು. ಆದರೆ ಕಲ್ಲು ಕೂರಿಸಲು ಅವನೇ ಬೆಸುಗೆ ಹಾಕಿಸಿದ್ದ ಎರಡು ಕಬ್ಬಿಣದ ಕಿವಿಗಳು ಹಾಗೆಯೇ ಇದ್ದುವು. ಹತ್ತಿರ ಹೋಗಿ ಬಗ್ಗಿ ನೋಡಿದ. ಅವನದೇ ಬೀಗ. ಹಿಂದಿನ ಚಕ್ರ, ಫ್ರೇಮು, ಕಂಬ, ಮೂರೂ ಒಂದೇ ಬೀಗದೊಳಗೆ. ಬೀಗ ನೆಲಕ್ಕೆ ತಾಗಿರಲಿಲ್ಲ. ಬೀಗದ ಕಣ್ಣು ಕೆಳಗೆ ನೋಡುತ್ತಿತ್ತು. ಅಂಗಡಿಯ ಮುದುಕ ಎದುರಿಗೆ ನಿಂತು ಹಾಕಿಸಿದ ಹಾಗಿತ್ತು.

ಸಾಣೆಯವನು ಬೀಗದಕೈಗಾಗಿ ಉಡಿದಾರ ಬಿಚ್ಚತೊಡಗಿದ. ಅಷ್ಟರಲ್ಲಿ ಬಾಚಣಿಗೆ ಮಾರುವವನು, "ಯಾರಯ್ಯ ಅದು, ನನ್ನ ಸೈಕಲ್ ಮುಟ್ಟೋನು!" ಎಂದು ಓಡಿ ಬಂದು ಅವನ ತೋಳು ಹಿಡಿದ. ಜನ ಕೂಡಿದರು. ಇವನು ನನ್ನದು ಅಂದ, ಅವನು ನನ್ನದು ಅಂದ. ಜಗಳ ಸಂತೆಯ ಯಜಮಾನನವರೆಗೂ ಹೋಯಿತು. ಆತ ವೀಳ್ಯದೆಲೆಯ ವ್ಯಾಪಾರಿ, ಆತುರವಿಲ್ಲದ ಮನುಷ್ಯ.

ಬಾಚಣಿಗೆಯವನು ಜೇಬಿನಿಂದ ಬೀಗದಕೈ ತೆಗೆದು ಎಲ್ಲರೆದುರು ಬೀಗ ತೆರೆದು ತೋರಿಸಿದ. "ಕಳ್ಳನ ಹತ್ತಿರ ಬೀಗದಕೈ ಇರುತ್ತಾ ಸ್ವಾಮಿ?" ಎಂದ. ಜನ ತಲೆಯಾಡಿಸಿದರು. ಸಾಣೆಯವನು ಬೀಗವನ್ನು ಮತ್ತೆ ಒತ್ತಿ ಹಾಕಿಸಿ, ತನ್ನ ಬೀಗದಕೈಯಿಂದ ತೆರೆದ. ಜನ ಆ ಕಡೆಗೂ ತಲೆಯಾಡಿಸಿದರು.

ಯಜಮಾನ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನೋಡಿದ. ಎರಡರ ಮೇಲೂ ಒಂದೇ ನಂಬರು ಕೊರೆದಿತ್ತು. ಮೊದಲು ಬಾಚಣಿಗೆಯವನನ್ನು ಕೇಳಿದ. "ನೀನು ಬೀಗ ತಗೊಂಡಾಗ ಅಂಗಡಿಯವನು ಎಷ್ಟು ಬೀಗದಕೈ ಕೊಟ್ಟನಪ್ಪ?"

ತನ್ನ ಬಳಿ ಒಂದೇ ಇದ್ದುದರಿಂದ ಅವನು, "ಒಂದೇ ಸ್ವಾಮಿ" ಅಂದ.

"ಹಾಗಾದರೆ ಅದರ ಜೋಡಿ ಈ ಬಡಪಾಯಿಯ ಸೊಂಟಕ್ಕೆ ಹೇಗೆ ಬಂತು?"

ಬಾಚಣಿಗೆಯವನು ಹಿಂದೆ ಸರಿದ. ಯಾರೋ ಕೈ ಎತ್ತಿದರು. ಸಾಣೆಯವನು ಅಡ್ಡ ಬಂದ. "ಹೊಡೀಬೇಡಿ. ನನ್ನ ಸೈಕಲ್ ನನಗೆ ಬಂತು. ಇವನ ಪೆಟ್ಟಿಗೆ ಇವನು ಇಳಿಸಿಕೊಳ್ಳಲಿ" ಎಂದ. ಪೆಟ್ಟಿಗೆ ಇಳಿಸುತ್ತಿದ್ದವನನ್ನು ಒಂದು ಮಾತು ಕೇಳಿದ. "ಅಲ್ಲಪ್ಪ, ಇಷ್ಟು ಚೆನ್ನಾಗಿ ಬೀಗ ಹಾಕೋದು ಯಾರು ಕಲಿಸಿದರು ನಿನಗೆ?"

"ಕಲಿಸೋದೇನಣ್ಣ" ಎಂದ ಅವನು ತಲೆ ತಗ್ಗಿಸಿ. "ಸೈಕಲ್ ಹೇಗೆ ಹೋಗುತ್ತೆ ಅನ್ನೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀರು ಕುಡಿಯೋಕೆ ಹೋದರೂ ಹಾಕಿಯೇ ಹೋಗ್ತಿದ್ದೆ. ಒಂದು ದಿನವೂ ತಪ್ಪಿಸಿಲ್ಲ."

ಸಂತೆಯ ಜನ ಗೊಳ್ಳೆಂದು ನಕ್ಕರು. ಸಾಣೆಯವನು ನಗಲಿಲ್ಲ. ಸೈಕಲ್ ತಳ್ಳಿಕೊಂಡು ಮನೆಗೆ ಬಂದ. ಬಂದವನೇ ಜಗುಲಿಯ ಕಲ್ಲುಕಂಬವನ್ನು ಕೈ ಹಾಕಿ ಅಲ್ಲಾಡಿಸಿ ನೋಡಿದ. ಕಂಬ ಅಲ್ಲಾಡಲಿಲ್ಲ. ಹೆಂಡತಿಯ ಎದುರಿಗೇ ಚಕ್ರ, ಫ್ರೇಮು, ಕಂಬ ಸೇರಿಸಿ ಬೀಗ ಹಾಕಿದ. ಮಡಿಯನ್ನೂ ಅವನು ಬಿಡಲಿಲ್ಲ. ಮುಂದಿನ ವರ್ಷಗಳಲ್ಲಿ ಆಯುಧ ಪೂಜೆ ಬಂದಾಗಲೆಲ್ಲ ಆ ಬೀಗಕ್ಕೂ ಕುಂಕುಮ ಹಚ್ಚಿ ಹೂ ಮುಡಿಸುತ್ತಿದ್ದ. ಬೀಗ ಕಂಬಕ್ಕೆ ಹಾಕಿದ್ದ ಹಾಗೆಯೇ ಮುಡಿಸುತ್ತಿದ್ದ, ತೆಗೆಯುತ್ತಿರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಕತೆ ಚೆನ್ನಾಗಿತ್ತು, ಸೈಕಲ್ಲೂ ಸಿಕ್ಕಿತ್ತು. ಆದರೆ ತಾವು ಕೇಳಿದ ಮಾತಿಗೆ ಉತ್ತರ ಬಂದಿರಲಿಲ್ಲ. "ಅಂತೂ ಒಳ್ಳೆಯದೇ ಆಯಿತಲ್ಲ ಬುದ್ಧಿ" ಎಂದರು ಪರ್ವತಯ್ಯ. "ಹಾಗಾದರೆ ನಾನು ಕಾರ್ತಿಕದಿಂದಲೇ ಹಿಡಿಯಲೋ, ಶಿವರಾತ್ರಿಯಿಂದಲೋ?"

ಗುರುಗಳು ಅವರ ಮುಖವನ್ನೇ ನೋಡುತ್ತ ಹೇಳಿದರು:

"ಆ ಬೀಗವನ್ನು ಮೊಟ್ಟಮೊದಲು ಹಾಕಿದವನು ಕಳ್ಳ, ಪರ್ವತಯ್ಯ."

ಪರ್ವತಯ್ಯ ಅಡ್ಡಬಿದ್ದು ಎದ್ದರು. ದಿನ ಯಾವುದೆಂದು ಮತ್ತೆ ಕೇಳಲಿಲ್ಲ.

ಪರ್ವತಯ್ಯನವರು ನನಗೆ ಇಷ್ಟು ಹೇಳುವಷ್ಟರಲ್ಲಿ ಕರೆಂಟು ಬಂತು, ಗಿರಣಿ ತಿರುಗಿತು. ಆಗ ಒಳಬಾಗಿಲಿನಿಂದ ಅವರ ಮಗಳು ದಾಕ್ಷಾಯಿಣಿ ಬಂದಳು. ತವರಿಗೆ ಬಂದಿದ್ದಳು, ಸೊಂಟದಲ್ಲಿ ಕೂಸಿತ್ತು. ಅಪ್ಪನ ಮಗ್ಗುಲಿನ ಚೊಂಬಿನಲ್ಲಿ ನೀರು ತಳ ಕಂಡಿದ್ದನ್ನು ನೋಡಿ, ಕೇಳದೆಯೇ ಎತ್ತಿಕೊಂಡು ಹೋಗಿ ತುಂಬಿಸಿ ತಂದಿಟ್ಟಳು. ಕೂಸನ್ನು ಅವರ ತೊಡೆಯ ಮೇಲೆ ಕೂರಿಸಿ ತಾನೂ ಅಲ್ಲೇ ಪಕ್ಕದಲ್ಲಿ ಕುಳಿತಳು. ಆ ನೀರು ಹಿಟ್ಟಿನ ಧೂಳಿಗಲ್ಲ ಎಂಬುದು ನನಗೆ ಅಂದು ತಿಳಿಯಿತು.

ಪರ್ವತಯ್ಯನವರು ಈಗ ಇಲ್ಲ. ಕತೆ ನನ್ನಲ್ಲಿತ್ತು, ಈಗ ನಿಮ್ಮ ಬಳಿಗೆ ಬಂದಿದೆ. ಇದನ್ನು ಬೇಕಾದ ಒಬ್ಬರು ನಿಮ್ಮ ಮನೆಯಲ್ಲೋ ನಿಮ್ಮ ಬೀದಿಯಲ್ಲೋ ಖಂಡಿತ ಇರುತ್ತಾರೆ. ಅವರಿಗೆ ಹೇಳಿ. ಒಳ್ಳೆಯ ದಿನ ನೋಡಬೇಡಿ, ಇವತ್ತೇ ಹೇಳಿ.